ಕೂತವರಿಗೊಂದು ಸ್ಮಾರಕ

ಬಹಳ ಹಿಂದೆ, ಅಂದರೆ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಗಂಭೀರಪುರಿ ಎಂಬ ರಾಜ್ಯವಿತ್ತು. ಅಲ್ಲಿನ ಪೇಟೆಯಲ್ಲಿ ಪ್ರಜೆಗಳು ಕೂರುವಂತಿರಲಿಲ್ಲ. ಅರಸರ ಸವಾರಿ ಯಾವ ಕ್ಷಣದಲ್ಲಾದರೂ ಬರಬಹುದಲ್ಲ! ಒಂದು ದಿನ ಸೊಪ್ಪು ಮಾರುವ ಸಣ್ಣೀರಮ್ಮನೂ ಕುಂಬಾರ ಮಲ್ಲಣ್ಣನೂ ಅರಳಿಕಟ್ಟೆಯ ಮೇಲೆ ಕೂತೇಬಿಟ್ಟರು. ಛಡಿಯೇಟು ಬಿದ್ದರೂ ಏಳಲಿಲ್ಲ. ಮಲ್ಲಣ್ಣ ಆ ಏಟಿಗೇ ಸತ್ತ. ಮರುದಿನ ಇಡೀ ಪೇಟೆ ಕೂತಿತು. ಗಂಭೀರಪುರಿಗೆ ಕೂರುವ ಹಕ್ಕು ಬಂದದ್ದು ಹಾಗೆ.

ಕಾಲ ಸರಿದು ಪ್ರಚಂಡಕೀರ್ತಿ ಮಹಾರಾಜರು ಪಟ್ಟಕ್ಕೆ ಬಂದರು. ಹಕ್ಕಿಗಾಗಿ ಹೋರಾಡಿದವರನ್ನು ಗೌರವಿಸುವುದು ನೆರೆರಾಜ್ಯಗಳಲ್ಲೆಲ್ಲ ರೂಢಿಯಾಗಿದೆಯೆಂದು ತಿಳಿದು, ಅದೇ ಕಟ್ಟೆಯ ಮೇಲೆ ಇಬ್ಬರ ಕಂಚಿನ ಪ್ರತಿಮೆ ನಿಲ್ಲಿಸಲು ಅಪ್ಪಣೆ ಮಾಡಿದರು. ಉನ್ನತ ಮಟ್ಟದ ಸಮಿತಿ ಕೂತಿತು, ಕನ್ಸಲ್ಟೆಂಟರು ಬಂದರು, ವಿಸ್ತೃತ ಯೋಜನಾ ವರದಿಯು ಪಲ್ಲಕ್ಕಿಯಲ್ಲಿ ಆಸ್ಥಾನಕ್ಕೆ ಬಿಜಯಂಗೈದಿತು.

ನಕ್ಷೆ ನೋಡಿದ ಮಹಾರಾಜರು ಹುಬ್ಬು ಗಂಟಿಕ್ಕಿದರು. "ಅನಾವರಣಕ್ಕೆ ನಾವು ಬಂದಾಗಲೂ ಇವರು ಕೂತೇ ಇರುತ್ತಾರೇನು?"

ಮಂತ್ರಿ ವಿನೀತಶೇಖರರು ಬಾಗಿದರು. "ಪ್ರಭೂ, ತಮ್ಮಂಥವರನ್ನು ಕಂಡಿದ್ದರೆ ಅವರಾಗಿಯೇ ಎದ್ದು ನಿಲ್ಲುತ್ತಿದ್ದರು. ಆ ಭಾಗ್ಯ ಅವರಿಗಿರಲಿಲ್ಲ. ಈ ಐತಿಹಾಸಿಕ ಲೋಪವನ್ನು ಸಮಿತಿ ಸರಿಪಡಿಸುತ್ತದೆ."

ಪ್ರತಿಮೆಗಳು ನಿಂತವು, ಕೈಮುಗಿದುಕೊಂಡು.

ಸಣ್ಣೀರಮ್ಮ ಇನ್ನೂ ಬದುಕಿದ್ದಳು. ಅನಾವರಣಕ್ಕೆ ಅವಳನ್ನು ವಿಶೇಷ ಆಹ್ವಾನಿತರೆಂದು ಕರೆತಂದರು. ಶಿಷ್ಟಾಚಾರದ ಪ್ರಕಾರ ವಿಶೇಷ ಆಹ್ವಾನಿತರಿಗೆ ಹಾರವುಂಟು, ಕುರ್ಚಿಯಿಲ್ಲ. ಮುದುಕಿ ಪ್ರತಿಮೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ಳು ಯಾರಪ್ಪಾ?"

"ತಾವೇ, ತಾಯಿ," ಎಂದರು ಮಂತ್ರಿಗಳು.

"ನಾನ್ಯಾವತ್ತು ಕೈಮುಕ್ಕೊಂಡು ನಿಂತಿದ್ದೆ? ಮಲ್ಲಣ್ಣ ಪ್ರಾಣ ಬಿಟ್ಟಿದ್ದೂ ಕೂತ್ಕೊಂಡೇ ಕಣಪ್ಪಾ," ಎಂದವಳೇ ಕಟ್ಟೆಯ ಮೇಲೆ, ತನ್ನ ಹಳೇ ಜಾಗದಲ್ಲಿ, ಕೂತುಬಿಟ್ಟಳು.

ಮಹಾರಾಜರು ಬೇರೆ ಕಡೆ ನೋಡಿದರು. ಭಟರಿಗೆ ಅಷ್ಟು ಸಾಕಾಗಿತ್ತು. ಮಹಾನಾಯಕಿ ಸಣ್ಣೀರಮ್ಮನವರ ಸ್ಮಾರಕಕ್ಕೆ ಅಗೌರವ ತೋರಿದ ಆರೋಪದ ಮೇಲೆ ಸಣ್ಣೀರಮ್ಮನನ್ನು ಸೆರೆಮನೆಗೆ ಹೊತ್ತೊಯ್ದರು. ಇದನ್ನು ಬರೆಯುವಾಗ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

ಅಂದೇ ಸುಗ್ರೀವಾಜ್ಞೆ ಹೊರಟಿತು: ಕೂರುವ ಹಕ್ಕನ್ನು ತಂದುಕೊಟ್ಟ ಮಹನೀಯರ ಗೌರವಾರ್ಥವಾಗಿ ಇನ್ನು ಮುಂದೆ ಪೇಟೆಯಲ್ಲಿ ಯಾರೂ ಕೂರತಕ್ಕದ್ದಲ್ಲ.

ಅನಾವರಣದ ವೇದಿಕೆಯ ಮೇಲೆಯೇ ಮಹಾರಾಜರಿಗೆ 'ಹಕ್ಕುರಕ್ಷಕ' ಎಂಬ ಬಿರುದು ಕೊಟ್ಟು ಕಿರೀಟ ತೊಡಿಸಿದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಸೊಪ್ಪಿನ ಬುಟ್ಟಿಗಳನ್ನು ಸೊಂಟಕ್ಕೇರಿಸಿಕೊಂಡು, ನಿಂತುಕೊಂಡೇ ವ್ಯಾಪಾರ ಶುರುಮಾಡಿದರು.