ಮಗು ಅತ್ತ ನಿಮಿಷಗಳ ವಿವರ

ಕುಟುಂಬಸಮೇತ ನೋಡಬಹುದಾದ ಚಿತ್ರವೆಂದರೆ ಯಾವ ಮಗುವನ್ನೂ ಅಳಿಸದ ಚಿತ್ರ ಎಂದು ಚಿತ್ರಪರಿಶೀಲನಾ ಕಚೇರಿಯ ನಿಯಮಾವಳಿ ಹೇಳುತ್ತದೆ. ಮಗು ಅಳುತ್ತದೋ ಇಲ್ಲವೋ ಎಂಬುದು ದೊಡ್ಡವರು ಕೂತು ನೋಡಿದರೆ ತಿಳಿಯುವುದಿಲ್ಲ. ಆದ್ದರಿಂದ ಕಚೇರಿಗೆ ಒಂದು ಮಗು ಬೇಕಾಯಿತು. ಬೆರಳಚ್ಚುಗಾರ್ತಿಯ ಏಳು ವರ್ಷದ ಮಗಳು ಶಾಲೆ ಬಿಟ್ಟ ಮೇಲೆ ಹೇಗೂ ಅಮ್ಮನ ಮೇಜಿನ ಕೆಳಗೆ ಕೂತು ಬಣ್ಣ ಹಚ್ಚುತ್ತಿದ್ದಳು. ಅವಳನ್ನೇ 'ಪರೀಕ್ಷಕ ಮಗು' ಎಂದು ನೇಮಿಸಲಾಯಿತು. ಕೊರಳಿಗೆ ಗುರುತಿನ ಚೀಟಿ ಬಂತು. ಅದು ಮೊಣಕಾಲಿಗೆ ಬಡಿಯುತ್ತಿತ್ತು, ಏಕೆಂದರೆ ದಾರ ದೊಡ್ಡವರ ಅಳತೆಯದು.

ಮೊದಲು ಬಂದದ್ದು ಒಂದು ಮುಳ್ಳುಹಂದಿ ಮರಿಯ ಕಾರ್ಟೂನ್ ಚಿತ್ರ. ಬಿರುಗಾಳಿಯಲ್ಲಿ ಮರಿ ದಾರಿ ತಪ್ಪಿತು. ಅದರ ಅಮ್ಮ ಗುಡ್ಡದ ಮೇಲೆ ನಿಂತು ಕರೆದಳು. ಪರೀಕ್ಷಕ ಮಗುವಿನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತಿದ್ದ ಗುಮಾಸ್ತರು ಅವಳ ಕೆನ್ನೆಗೆ ಬೆಳಕು ಬಿಟ್ಟು, ಗಡಿಯಾರ ನೋಡಿ, "ಹದಿನಾಲ್ಕನೇ ನಿಮಿಷ, ಎಡಗಣ್ಣು" ಎಂದು ಬರೆದುಕೊಂಡರು. ದೀಪ ಹತ್ತಿತು. ಮಗು ಅತ್ತ ಕೂಡಲೇ ಪ್ರದರ್ಶನ ನಿಲ್ಲಿಸಿ, ಅಳಿಸಿದ ಭಾಗ ಕತ್ತರಿಸಿ, ಮುಂದಿನ ವಾರ ಮತ್ತೆ ಮೊದಲಿನಿಂದ ತೋರಿಸುವುದು ಕ್ರಮ.

"ಮರಿಗೆ ಅಮ್ಮ ಸಿಕ್ತಾಳಾ, ಮಾಮ?" ಎಂದು ಅವಳು ಕೇಳಿದಳು.

"ನನಗೆ ಹೇಗಮ್ಮ ಗೊತ್ತಾಗತ್ತೆ? ನೀನು ಅತ್ತುಬಿಟ್ಯಲ್ಲ."

ಅಳು ಬಂದರೂ ಚಿತ್ರ ಚೆನ್ನಾಗಿತ್ತು ಎಂದು ಅವಳು ಕಚೇರಿಯ ಅಧ್ಯಕ್ಷರಿಗೆ ಹೇಳಿ ನೋಡಿದಳು. ನಮೂನೆಯಲ್ಲಿ 'ಅತ್ತಿತು', 'ಅಳಲಿಲ್ಲ' ಎಂಬ ಎರಡೇ ಕಲಂ ಇರುವುದನ್ನು ಅವರು ಸಮಾಧಾನದಿಂದ ತೋರಿಸಿದರು.

ಎರಡನೇ ವಾರ ಬಿರುಗಾಳಿ ಇರಲಿಲ್ಲ. ಅಮ್ಮನ ಕೂಗಿಗೇ ಅಳು ಬಂತು. ಮೂರನೇ ವಾರ ಕೂಗೂ ಇರಲಿಲ್ಲ. ಅಮ್ಮ ಬರೀ ಬಾಯಿ ತೆರೆದು ಮುಚ್ಚುತ್ತಿದ್ದಳು. ಈ ಸಲ ಎರಡೂ ಕಣ್ಣು.

ಅಧ್ಯಕ್ಷರು ಬೇರಿಗೇ ಕೈ ಹಾಕಿದರು. "ಸದರಿ ತಾಯಿಯನ್ನು ಚಿತ್ರದಿಂದ ಸಂಪೂರ್ಣವಾಗಿ ತೆಗೆಯತಕ್ಕದ್ದು" ಎಂಬ ಆದೇಶವನ್ನು ಬೆರಳಚ್ಚುಗಾರ್ತಿ ಮೂರು ಪ್ರತಿಗಳಲ್ಲಿ ಒಂದೂ ತಪ್ಪಿಲ್ಲದೆ ಹೊಡೆದುಕೊಟ್ಟಳು. ಹಾಗಾದರೆ ಮರಿ ಹುಡುಕುವುದಾದರೂ ಏನನ್ನು ಎಂದು ಚಿತ್ರ ಮಾಡಿದವರು ಕೈಮುಗಿದು ಕೇಳಿದರು.

"ಹುಡುಕಲಿ ಬಿಡ್ರಿ. ಏನನ್ನು ಅಂತ ಯಾಕೆ ಹೇಳಬೇಕು?" ಎಂದರು ಅಧ್ಯಕ್ಷರು. "ನಾವೆಲ್ಲ ಹುಡುಕ್ತಾ ಇಲ್ವಾ?"

ಇದ್ಯಾವುದೂ ಮಗುವಿಗೆ ತಿಳಿಯದು. ಏನೇ ಆಗಲಿ, ಈ ಸಲ ಕೊನೆ ನೋಡಿಯೇ ತೀರಬೇಕು ಎಂದು ನಾಲ್ಕನೇ ವಾರ ಅವಳು ಹಲ್ಲು ಕಚ್ಚಿ ಕೂತಳು. ಮುಂದಿನ ಎರಡು ಬಿದ್ದಿದ್ದರಿಂದ ಉಳಿದವನ್ನು ಕಚ್ಚಿದಳು. ಮರಿ ಕಾರಣವಿಲ್ಲದೆ ಮನೆ ಬಿಟ್ಟಿತು. ಗುಡ್ಡ ಹತ್ತಿತು, ಹೊಳೆ ದಾಟಿತು, ಕೊನೆಗೆ ಒಂದು ಬಿಲದೊಳಗೆ ಓಡಿ ಖಾಲಿ ಗಾಳಿಯನ್ನು ಗಟ್ಟಿಯಾಗಿ ತಬ್ಬಿಕೊಂಡಿತು. ಮುಗಿಯಿತು. ಟಾರ್ಚ್ ಬಿಟ್ಟು ನೋಡಿದರೆ ಎರಡೂ ಕೆನ್ನೆ ಒಣಗಿದ್ದವು. ಸದಸ್ಯರು ಚಪ್ಪಾಳೆ ತಟ್ಟಿದರು.

"ಅಮ್ಮ ಎಲ್ಲಿ?" ಎಂದಳು ಅವಳು.

"ನಾಲ್ಕನೇ ಕಪಾಟಿನಲ್ಲಿ," ಎಂದರು ಗುಮಾಸ್ತರು. "ಕತ್ತರಿಸಿದ್ದನ್ನ ಬಿಸಾಡೋ ಹಾಗಿಲ್ಲಮ್ಮ, ಮೂವತ್ತು ವರ್ಷ ಇಡಬೇಕು. ಕ್ಷೇಮವಾಗಿದ್ದಾಳೆ. ಎರಡು ಬೀಗ ಇದೆ."

ಚಿತ್ರ ಚೆನ್ನಾಗಿ ಓಡಿತು. ಮನಸ್ಸಿಗೆ ಏನೂ ಆಗುವುದಿಲ್ಲ ಎಂದು ಮನೆಮಂದಿಯೆಲ್ಲ ಹೊಗಳಿದರು.

ಪರೀಕ್ಷಕ ಮಗು ಮಾತ್ರ ದಿನವೂ ಶಾಲೆ ಬಿಟ್ಟು ಬಂದವಳೇ ಕಪಾಟಿನ ಬಾಗಿಲು ತಟ್ಟಿ, "ಮರಿ ಬರ್ತಾ ಇದೆ, ಇನ್ನೊಂಚೂರು ಇರಿ," ಎಂದು ಒಳಗೆ ಹೇಳತೊಡಗಿದಳು. ಇದು ಅಧ್ಯಕ್ಷರ ಗಮನಕ್ಕೆ ಬಂತು. ತಕ್ಷಣ ಸೂಚನಾಫಲಕದಲ್ಲಿ ಪ್ರಕಟಣೆ ಅಂಟಿತು: ಕಪಾಟು ತಟ್ಟುವ ವೇಳೆ ನಾಲ್ಕರಿಂದ ನಾಲ್ಕೂಕಾಲು, ತಟ್ಟುವವರು ಸಾಲಿನಲ್ಲಿ ಬರತಕ್ಕದ್ದು.

ಈಗ ಅಲ್ಲಿ ಸಾಲಿರುತ್ತದೆ. ಮೊದಲು ಮಗು, ಹಿಂದೆ ಬೆರಳಚ್ಚುಗಾರ್ತಿ, ಅವಳ ಹಿಂದೆ ಗುಮಾಸ್ತರು. ಕೊನೆಯಲ್ಲಿ ಅಧ್ಯಕ್ಷರು ನಿಲ್ಲುತ್ತಾರೆ, ಏಕೆಂದರೆ ಅವರು ತಡವಾಗಿ ಬರುತ್ತಾರೆ.