ಕಿಟಕಿ ಪಕ್ಕದ ಪೌರನೀತಿ

ಕಣ್ಣು ಮುಚ್ಚಿ ನಿದ್ದೆ ಮಾಡುವವರ ಮೇಲೆ ಲೋಕಕ್ಕೆ ಸ್ವಲ್ಪ ಮರುಕವಿದೆ. ಕಣ್ಣು ತೆರೆದುಕೊಂಡೇ ಎಲ್ಲಿಗೋ ಹೋಗಿಬಿಡುವವರ ಮೇಲೆ ಇಲ್ಲ. ಮೊದಲಿನವರನ್ನು ತಟ್ಟಿ ಎಬ್ಬಿಸಬಹುದು. ಎರಡನೆಯವರು ‘ಎದ್ದೇ ಇದ್ದೇನಲ್ಲ’ ಎಂದು ವಾದಕ್ಕೆ ನಿಲ್ಲುತ್ತಾರೆ. ನಾನು ಈ ಎರಡನೆಯ ಪಂಗಡದವನು. ಇಂಥವನು ಕವಿಯಾಗಿದ್ದರೆ ಊರು ಗೌರವಿಸುತ್ತಿತ್ತೋ ಏನೋ. ನಾನು ಮೇಷ್ಟ್ರಾದೆ, ಅದರಲ್ಲೂ ಸಮಾಜ ಪಾಠದ ಮೇಷ್ಟ್ರು.

ಎಂಬತ್ತರ ದಶಕದಲ್ಲಿ ತಮಿಳು ಸೀಮೆಯ ನೆಗಮಂ ಊರಿನ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ನಾನು ಸರ್ಕಾರ, ಚುನಾವಣೆ, ಪತ್ರಿಕೆ ಎಲ್ಲವನ್ನೂ ತಮಿಳಿನಲ್ಲಿ ಕಲಿಸುತ್ತಿದ್ದೆ. ಕನ್ನಡ ನಮ್ಮ ನೇಕಾರ ಜನಕ್ಕೆ ಮನೆಯ ಮಾತು, ಹೊಸ್ತಿಲು ದಾಟಿದರೆ ತಮಿಳು. ನನ್ನ ಪಾಠ ಊಟವಾದ ಮೇಲಿನ ಹೊತ್ತಿಗೆ ಬೀಳುತ್ತಿತ್ತು. ತರಗತಿಯ ಕಿಟಕಿಯಾಚೆ ನೇಕಾರರ ಬೀದಿ. ಬೀದಿಯುದ್ದಕ್ಕೂ ಬಣ್ಣದ ನೂಲು ಎಳೆದು ಗಂಜಿ ಹಚ್ಚುತ್ತಿದ್ದರು. ಅದರಾಚೆ ತೆಂಗಿನ ತೋಟ, ಅದರ ಮೇಲೆ ಪಾಲಕ್ಕಾಡಿನ ಕಡೆಯಿಂದ ಗಾಳಿ ತಳ್ಳಿಕೊಂಡು ಬರುವ ಮೋಡಗಳು. ಮಗ್ಗದ ಸದ್ದು ಜೋಗುಳದ ಹಾಗೆ ಕೇಳುತ್ತಿತ್ತು. ಮಂತ್ರಿಮಂಡಲದ ಬಗ್ಗೆ ಹೇಳುತ್ತ ಹೇಳುತ್ತ ನಾನೇ ಮಂತ್ರಿಯಾಗಿಬಿಡುತ್ತಿದ್ದೆ. ಊಟದ ನಂತರದ ಪಾಠಗಳನ್ನೆಲ್ಲ ರದ್ದುಮಾಡುವ ಮಸೂದೆ ಮಂಡಿಸುತ್ತಿದ್ದೆ. ಸದಸ್ಯರು ಮೇಜು ಕುಟ್ಟಿ ಸ್ವಾಗತಿಸುತ್ತಿದ್ದರು. ಕುಟ್ಟುತ್ತಿದ್ದದ್ದು ಮಗ್ಗ ಎಂದು ಗೊತ್ತಾಗುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಪತ್ರಿಕೆಗಳ ಪಾಠ ಬಂದಾಗ ಮಾತ್ರ ನನಗೆ ಹುರುಪು ಬಂತು. ಚಹಾ ಅಂಗಡಿಯಿಂದ ಎರಡು ಪೇಪರು ಕೇಳಿ ತಂದೆ. ಒಂದೇ ಸಭೆಯ ಸುದ್ದಿ. ಒಂದರಲ್ಲಿ ಜನಸಾಗರ, ಇನ್ನೊಂದರಲ್ಲಿ ಖಾಲಿ ಕುರ್ಚಿಗಳು. ತೂಕಡಿಸುತ್ತಿದ್ದ ಹುಡುಗಿಯರು ನೆಟ್ಟಗೆ ಕೂತರು. ಮುಂದಿನ ಸಾಲಿನ ಚೌಡೇಶ್ವರಿ, ನಮ್ಮವರದೇ ನೇಕಾರರ ಮನೆಯ ಹುಡುಗಿ, ಹಾಗಾದರೆ ಅಲ್ಲಿ ನಿಜವಾಗಿ ಎಷ್ಟು ಜನ ಇದ್ದರು ಎಂದು ಕೇಳಿದಳು. ಹೋಗಿ ನೋಡಿದವರನ್ನು ಕೇಳಬೇಕು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಯಾರಿಗೂ ಹೆದರಬಾರದು ಎಂದೆ. ಆ ಆವೇಶದಲ್ಲಿಯೇ ವರಾಂಡದ ಹಲಗೆಯ ಮೇಲೆ ಒಂದು ಗೋಡೆ ಪತ್ರಿಕೆ ಶುರುಮಾಡಿಸಿ, ಚೌಡೇಶ್ವರಿಯನ್ನೇ ಸಂಪಾದಕಿ ಮಾಡಿದೆ. ಆ ದಿನ ಮನೆಗೆ ಹೋಗುವಾಗ ನನ್ನ ನಡಿಗೆಯೇ ಬೇರೆ ಇತ್ತು.

ಮೊದಮೊದಲು ನೀರಿನ ಪಾತ್ರೆಗೆ ಮುಚ್ಚಳವಿಲ್ಲ, ಪ್ರಾರ್ಥನೆಯ ಹೊತ್ತಿಗೆ ಹಸು ಒಳಗೆ ಬಂತು ಎಂಬಂಥ ಸುದ್ದಿಗಳು. ಪಾತ್ರೆಗೆ ಮುಚ್ಚಳ ಬಂತು. ಪ್ರಜಾಪ್ರಭುತ್ವ ಕೆಲಸ ಮಾಡುತ್ತಿದೆ ಎಂದು ನಾನು ಹಿಗ್ಗಿದೆ. ಆಮೇಲೊಂದು ಸೋಮವಾರ ಹಲಗೆಯ ಮುಂದೆ ಇಡೀ ಶಾಲೆಯೇ ನೆರೆದಿತ್ತು. ನನ್ನನ್ನು ಕಂಡು ದಾರಿ ಬಿಟ್ಟರು. ‘ಒಂಬತ್ತನೆಯ ತರಗತಿಯಲ್ಲಿ ದಿನವೂ ಸ್ವಲ್ಪ ಹೊತ್ತು ಸರ್ಕಾರ ಇರುವುದಿಲ್ಲ’ ಎಂಬ ತಲೆಬರಹ, ಅದರ ಕೆಳಗೆ ವರದಿ: ಸಮಾಜ ಪಾಠದ ಮೇಷ್ಟ್ರು ವಾಕ್ಯದ ನಡುವೆ ನಿಲ್ಲಿಸಿ ಕಿಟಕಿಯ ಹತ್ತಿರ ಹೋಗುತ್ತಾರೆ. ಗುರುವಾರ ‘ರಾಷ್ಟ್ರಪತಿಯವರು ಲೋಕಸಭೆಯನ್ನು’ ಎಂದವರು ಗಂಟೆ ಹೊಡೆಯುವವರೆಗೂ ಮುಂದೆ ಹೇಳಲಿಲ್ಲ. ತಮಿಳಿನಲ್ಲೂ ಕನ್ನಡದ ಹಾಗೆಯೇ ಕ್ರಿಯಾಪದ ಕೊನೆಗೆ ಬರುವುದರಿಂದ, ರಾಷ್ಟ್ರಪತಿಯವರು ಲೋಕಸಭೆಯನ್ನು ಕರೆದರೋ ಕಳಿಸಿದರೋ ಈವರೆಗೆ ತರಗತಿಗೆ ತಿಳಿದುಬಂದಿಲ್ಲ!

ಸುದ್ದಿ ನನಗಿಂತ ಮುಂಚೆ ಮನೆ ತಲುಪಿತ್ತು. ನನ್ನ ಹೆಂಡತಿ ಸರಸ ತಟ್ಟೆಗೆ ಅನ್ನ ಬಡಿಸುತ್ತ, “ಮನೇಲಿ ತಾನೆ ಹಿಂಗೆ ಅಂದ್ಕೊಂಡಿದ್ದೆ. ಪಳ್ಳಿಕೂಡದಲ್ಲೂ ಇದೇ ವೇಲೆಯಾ?” ಎಂದಳು. ನಮ್ಮ ಮನೆಮಾತಿನಲ್ಲಿ ಶಾಲೆ ಪಳ್ಳಿಕೂಡ, ಕೆಲಸ ವೇಲೆ.

ಹೆಡ್‌ಮಾಸ್ಟರರು ಒಳ್ಳೆಯವರು. ಆದರೆ ಸುದ್ದಿ ಎಂದರೆ ರೇಡಿಯೋದಲ್ಲಿ ಬರುವುದು, ಶಾಲೆಯಲ್ಲಿ ನಡೆಯುವುದಲ್ಲ ಎಂದು ನಂಬಿದ್ದರು. ಮರುದಿನ ನನ್ನನ್ನು ಕರೆದು, ಹಲಗೆ ಕೀಳಿಸುತ್ತೇನೆ, ಆ ಹುಡುಗಿಯ ಅಪ್ಪನನ್ನು ಕರೆಸಿ ಕ್ಷಮೆ ಕೇಳಿಸುತ್ತೇನೆ ಎಂದರು. ನಾನು ಕೆಳಗೆ ನೋಡುತ್ತ ಸುಮ್ಮನೆ ನಿಂತಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಚೌಡೇಶ್ವರಿಯ ಅಪ್ಪನನ್ನು ನಾನು ಬಲ್ಲೆ. ಹುಡುಗಿಯನ್ನು ಶಾಲೆ ಬಿಡಿಸಿ ನೂಲು ಸುತ್ತಲು ಕೂರಿಸುವುದಕ್ಕೆ ಒಂದು ನೆಪ ಹುಡುಕುತ್ತಿದ್ದ ಮನುಷ್ಯ. ಆ ನೆಪ ನಾನಾಗುವುದೇ?

ಅದು ನಿಜ ಸಾರ್ ಎಂದೆ. ಯಾವುದು ನಿಜ ಎಂದರು. ಎಲ್ಲವೂ ಎಂದೆ. ಅಲ್ಲಗಳೆಯುವ ಮೇಷ್ಟ್ರನ್ನು ಏನು ಮಾಡಬೇಕೆಂದು ಹೆಡ್‌ಮಾಸ್ಟರರಿಗೆ ಗೊತ್ತಿತ್ತು, ಒಪ್ಪಿಕೊಳ್ಳುವವನನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೊನೆಗೆ, ಅಪ್ಪನನ್ನು ಕರೆಸುವುದು ಬೇಡ, ಆದರೆ ನಿಮ್ಮ ಸ್ಪಷ್ಟೀಕರಣವೂ ಹಲಗೆಯ ಮೇಲೆ ಬರಲಿ, ಶಾಲೆಯ ಮರ್ಯಾದೆ ಉಳಿಯಲಿ ಎಂದರು.

ಸ್ಪಷ್ಟೀಕರಣವನ್ನು ನಾನು ಸೊಗಸಾಗಿಯೇ ಬರೆದೆ. ಚಿಂತನೆ, ಮೌನ, ಗುರುಪರಂಪರೆ ಎಲ್ಲವೂ ಅದರಲ್ಲಿದ್ದವು. ಚೌಡೇಶ್ವರಿ ಅದನ್ನು ನಿಂತಲ್ಲಿಯೇ ಓದಿದಳು. ತರಗತಿಯ ಹೊರಗೆ ನಾವು ಮನೆಮಾತನ್ನೇ ಆಡುತ್ತಿದ್ದೆವು.

“ಸಾರ್, ಇದರಲ್ಲಿ ಆಮಾ ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ. ನೀವು ಜನ್ನಲ್ ಪಕ್ಕ ನಿಂತ್ಕಂಡಿದ್ದು ನಿಜ ತಾನೆ?”

“ನಿಜ, ಅಮ್ಮಣಿ.”

“ಅಲ್ಲಿ ಏನ್ ನೋಡ್ತೀರಿ?”

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಮೋಡ ಎಂದೆ. ತೆಂಗಿನ ಗರಿಗಳು ಒಂದೇ ಕಡೆಗೆ ಬಾಗುವುದು ಎಂದೆ. ಗಂಜಿ ಹಚ್ಚಿದ ಕೆಂಪು ನೂಲಿನ ಮೇಲೆ ಮೋಡದ ನೆರಳು ನಡೆದುಹೋದರೆ ಬೀದಿಗೆ ಬೀದಿಯೇ ಉಸಿರಾಡಿದ ಹಾಗೆ ಕಾಣುತ್ತದೆ ಎಂದೆ. ನನ್ನ ಇಡೀ ಪುಟದ ಬದಲು ಆ ವಾರ ಹಲಗೆಯ ಮೂಲೆಯಲ್ಲಿ ಇಷ್ಟೇ ಬಂತು: ‘ಮೇಷ್ಟ್ರು ಒಪ್ಪಿದ್ದಾರೆ. ಹೊರಗೆ ಮೋಡ ಇತ್ತಂತೆ.’

ಮೋಡವನ್ನು ತಾವೂ ನೋಡಬೇಕೆಂದು ಹುಡುಗಿಯರು ಹಟ ಹಿಡಿದರು. ಸರಿ, ಎಲ್ಲರನ್ನೂ ಕಿಟಕಿಯ ಬಳಿ ನಿಲ್ಲಿಸಿಕೊಂಡು ಪಾಠ ಮಾಡಿದೆ. ಈ ನೂಲು ಯಾರದು, ಸೀರೆಗೆ ಬೆಲೆ ಕಟ್ಟುವವರು ಯಾರು, ಎದುರು ಗೋಡೆಯ ಮೇಲೆ ಎರಡು ಪಕ್ಷದವರೂ ಒಂದೇ ಭರವಸೆ ಬರೆದದ್ದೇಕೆ ಎಂದು ಎಲ್ಲ ವಾಕ್ಯಗಳನ್ನೂ ಮುಗಿಸಿ ಹೇಳಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಪಾಠ ಮಾಡಿರಲಿಲ್ಲ. ತಿರುಗಿ ನೋಡಿದರೆ ಒಬ್ಬಳೂ ಕೇಳುತ್ತಿರಲಿಲ್ಲ. ಇಡೀ ತರಗತಿ ಬಾಯಿ ಸ್ವಲ್ಪ ತೆರೆದುಕೊಂಡು ಮೋಡದ ಜೊತೆ ಹೋಗಿಬಿಟ್ಟಿತ್ತು, ಸಂಪಾದಕಿಯೂ ಸೇರಿ. ಕರೆಯಲು ಮನಸ್ಸಾಗಲಿಲ್ಲ.

ಮುಂದಿನ ಸೋಮವಾರ ಹಲಗೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಕಂಡದ್ದನ್ನು ಬರೆಯಬೇಕಲ್ಲವೇ ಎಂದು ಚೌಡೇಶ್ವರಿಯನ್ನು ಕೇಳಿದೆ.

“ಎಲ್ಲಾರೂ ಮಾಡಿದ್ರೆ ಅದು ಸುದ್ದಿ ಅಲ್ಲ ಸಾರ್,” ಎಂದು ಹೇಳಿ ಹೋದಳು.

ಆಮೇಲೂ ಪ್ರತಿ ಸೋಮವಾರ ನಾನು ಎಲ್ಲರಿಗಿಂತ ಮೊದಲು ಶಾಲೆಗೆ ಬಂದು, ಯಾರೂ ಇಲ್ಲದಾಗ ಹಲಗೆಯನ್ನು ಮೇಲಿಂದ ಕೆಳಗೆ ಓದುತ್ತಿದ್ದೆ. ಹಸು ಬಂತು, ಮಳೆ ಬಂತು, ಹೊಸ ಡ್ರಿಲ್ ಮೇಷ್ಟ್ರು ಬಂದರು. ನನ್ನ ಸುದ್ದಿ ಮಾತ್ರ ಮತ್ತೆ ಬರಲೇ ಇಲ್ಲ. ಟೀಕೆಗಾದರೂ ಪತ್ರಿಕೆಯಲ್ಲಿ ಇರಬೇಕೆಂದು ರಾಜಕಾರಣಿಗಳು ಏಕೆ ಅಷ್ಟು ಒದ್ದಾಡುತ್ತಾರೆ ಎಂಬುದು ಪಠ್ಯಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅದನ್ನು ಆ ವರ್ಷ ನಾನೇ ಕಲಿತೆ.