ಕುಮುದಿನಿಗೆ ಎಷ್ಟು ಮಾರ್ಕು

ಪುತ್ತೂರಿನ ಹತ್ತಿರದ ಸವಣೂರಿನ ಶಾಲೆಯ ಕನ್ನಡ ಮಾಸ್ಟ್ರು ಮಹಾಬಲ ಅವರಿಗೆ ತಮ್ಮ ಎರಡು ವರ್ಷದ ಮಗಳು ಕುಮುದಿನಿಯ ಬುದ್ಧಿಯ ಮೇಲೆ ಇದ್ದ ಭರವಸೆ ಸ್ವಂತ ಬುದ್ಧಿಯ ಮೇಲೂ ಇರಲಿಲ್ಲ. ಅರುವತ್ತಮೂರನೇ ಇಸವಿಯಲ್ಲಿ ಮೈಸೂರಿನಿಂದ ಶಂಕರಿ ಎಂಬ ಅಧಿಕಾರಿಣಿ ಪುತ್ತೂರಿಗೆ ಬಂದರು. ಪರದೇಶದ ಮಕ್ಕಳನ್ನು ನೋಡಿ ಮಾಡಿದ ಪಟ್ಟಿಯೊಂದು ಅವರ ಕೈಯಲ್ಲಿತ್ತು. ಅದರ ಪ್ರಕಾರ ನಮ್ಮ ಮಕ್ಕಳು ಎಷ್ಟು ಬೆಳೆದಿದ್ದಾರೆ ಎಂದು ಅಳೆಯುವುದು ಅವರ ಕೆಲಸ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮಾಸ್ಟ್ರು ಬಸ್ಸು ಹತ್ತಿ ಹೋಗಿ ಅವರನ್ನು ಕಂಡರು.

"ಮೊದಲು ನನ್ನ ಮಗಳನ್ನು ಅಳೆಯಿರಿ ಮೇಡಂ. ನಮ್ಮ ಮನೆಯಲ್ಲಿ ಶುದ್ಧ ಕನ್ನಡ ಬಿಟ್ಟು ಬೇರೆ ಮಾತೇ ಇಲ್ಲ. ಪರದೇಶದ ಮಕ್ಕಳು ಇವಳ ಹಿಂದೆ ಸಾಲು ನಿಲ್ಲಬೇಕು."

ಇದು ಹಸಿ ಸುಳ್ಳು. ಮನೆಯಲ್ಲಿ ಎಲ್ಲರದ್ದೂ ತುಳುವೇ. ಕನ್ನಡವು ಬೆಳಗ್ಗೆ ಮಾಸ್ಟ್ರ ಕೊಡೆಯ ಜತೆ ಶಾಲೆಗೆ ಹೋಗಿ, ಸಂಜೆ ಕೊಡೆಯ ಜತೆಯೇ ಮೂಲೆ ಸೇರುತ್ತಿತ್ತು.

ಎಂಟು ದಿನ ತಯಾರಿ ನಡೆಯಿತು. ಪಟ್ಟಿಯಲ್ಲಿ ಗೋಪುರ ಕಟ್ಟುವ ಪರೀಕ್ಷೆ ಉಂಟೆಂದು ತಿಳಿದು, ಮಾಸ್ಟ್ರು ಆಚಾರಿಯಿಂದ ಆರು ಮರದ ತುಂಡು ಮಾಡಿಸಿ, ಒಂದರ ಮೇಲೊಂದು ಇಟ್ಟು ಗೋಪುರ ಕಟ್ಟಲು ಕಲಿಸಿದ್ದೇ ಕಲಿಸಿದ್ದು. ಹೆಂಡತಿ ದಮಯಂತಿಗೆ ನೋಡಿ ಸಾಕಾಯಿತು.

"ಅದಕ್ಕೆ ಎರಡು ವರ್ಷ ಮಾರಾಯ್ರೆ. ಪಬ್ಲಿಕ್ ಪರೀಕ್ಷೆಗೆ ಕೂರಿಸುದಾ ನೀವು?"

"ನಿನಗೆ ಗೊತ್ತಾಗುದಿಲ್ಲ. ಇದು ದೇಶದ ಮರ್ಯಾದೆಯ ಪ್ರಶ್ನೆ."

ಗೊತ್ತು ಮಾಡಿದ ದಿನ ಶಂಕರಿ ಮೇಡಂ ಬಂದು ಜಗಲಿಯಲ್ಲಿ ಕೂತರು. ಪಕ್ಕದ ಮನೆಯ ಕದೀಜಮ್ಮನೂ ಬಂದರು. ದಮಯಂತಿಗೆ ಕೆಲಸ ಇದ್ದಾಗೆಲ್ಲ ಕುಮುದಿನಿ ಆಡಿ ಬೆಳೆದದ್ದು ಅವರ ಅಂಗಳದಲ್ಲೇ.

ಮೇಡಂ ಮಾಸ್ಟ್ರ ಕಡೆ ಬೆರಳು ತೋರಿಸಿದರು. "ಇವರು ಯಾರು ಪುಟ್ಟಿ?"

"ಅಮ್ಮೆ," ಅಂದಳು ಕುಮುದಿನಿ.

"ಹಾಗಾದರೆ ಇವರು?" ಎಂದು ದಮಯಂತಿಯನ್ನು ತೋರಿಸಿದರು.

"ಅಪ್ಪೆ."

ಮೇಡಂ ಮುಖ ಸಣ್ಣದಾಯಿತು. "ಪಾಪ, ಅಪ್ಪ ಯಾರು, ಅಮ್ಮ ಯಾರು ಅನ್ನೋದೇ ಗೊತ್ತಿಲ್ಲ. ಬೆಳವಣಿಗೆ ಸ್ವಲ್ಪ ಹಿಂದೆ ಇದೆ," ಎಂದು ಕೆಂಪು ಪೆನ್ಸಿಲು ಎತ್ತಿದರು.

ಮಾಸ್ಟ್ರು ಬೆವೆತರು. ಬಾಯಿ ಬಿಟ್ಟರೆ ತನ್ನ ಶುದ್ಧ ಕನ್ನಡ ಮಣ್ಣುಪಾಲು. ಬಿಡದಿದ್ದರೆ ಮಗಳು ದಡ್ಡಿ ಎಂದು ಸರಕಾರದ ಕಾಗದದಲ್ಲಿ ದಾಖಲು.

"ನೀವು ಹೇಳ್ತೀರಾ, ನಾನು ಹೇಳ್ಬೇಕಾ?" ಎಂದರು ದಮಯಂತಿ.

"ಅದು ತುಳು ಮೇಡಂ," ಎಂದರು ಮಾಸ್ಟ್ರು ನೆಲ ನೋಡುತ್ತಾ. "ತುಳುವಿನಲ್ಲಿ ಅಮ್ಮೆ ಅಂದರೆ ಅಪ್ಪ, ಅಪ್ಪೆ ಅಂದರೆ ಅಮ್ಮ. ಮಗು ಸರಿಯಾಗಿಯೇ ಹೇಳಿದ್ದು. ಶುದ್ಧ ಕನ್ನಡ ಅಂತ ಸುಳ್ಳು ಹೇಳಿದ್ದು ನಾನು. ಮಗುವಿನ ಮಾರ್ಕು ಕಡಿಬೇಡಿ."

ಮೇಡಂ ನಕ್ಕು ಪೆನ್ಸಿಲು ಕೆಳಗಿಟ್ಟರು. ತಮ್ಮ ಚೀಲದಿಂದ ಆರು ಮರದ ತುಂಡುಗಳನ್ನು ಮಗುವಿನ ಮುಂದೆ ಸುರಿದು ಗೋಪುರ ಕಟ್ಟಲು ಹೇಳಿದರು. ಮಾಸ್ಟ್ರಿಗೆ ಹೋದ ಜೀವ ಬಂತು. ಇದು ಎಂಟು ದಿನದ ಪಾಠ.

ಕುಮುದಿನಿ ಗೋಪುರ ಕಟ್ಟಲಿಲ್ಲ. ಮೂರು ತುಂಡುಗಳನ್ನು ಮೂರು ಕಡೆ ಇಟ್ಟಳು, ಉಳಿದ ಮೂರನ್ನು ನಡುವೆ ತುರುಕಿದಳು, ಮೇಲೆ ಮೇಡಂ ಕಾಫಿ ಕುಡಿದಿಟ್ಟ ಲೋಟ ಕೂರಿಸಿ ಉಫ್ ಉಫ್ ಎಂದು ಊದತೊಡಗಿದಳು.

"ಗೋಪುರ ಕಟ್ಟಬೇಕಿತ್ತಲ್ಲ," ಎಂದರು ಮೇಡಂ.

"ಅದು ಒಲೆ ಅಲ್ವಾ ಮೇಡಂ," ಎಂದರು ಕದೀಜಮ್ಮ. "ಅಡಿಯಲ್ಲಿ ಕಟ್ಟಿಗೆ ಸಹ ಇಟ್ಟಿದೆ ನೋಡಿ. ಗೋಪುರದಲ್ಲಿ ಅನ್ನ ಬೇಯ್ತದಾ?"

ಮೇಡಂ ಪಟ್ಟಿಯನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿದರು. ಪರದೇಶದವರು ಒಲೆಗೆ ಜಾಗವನ್ನೇ ಇಟ್ಟಿರಲಿಲ್ಲ. ಕೊನೆಗೆ ಅಂಚಿನಲ್ಲಿ ಹೊಸ ಗೆರೆ ಎಳೆದು, "ಒಲೆ ಹೂಡಿ ಅಡುಗೆ ಮಾಡುತ್ತಾಳೆ" ಎಂದು ಬರೆದು ಪೂರ್ತಿ ಮಾರ್ಕು ಕೊಟ್ಟರು.

ಮಾಸ್ಟ್ರ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. "ಎಲ್ಲ ನಾನೇ ಕಲಿಸಿದ್ದು ಮೇಡಂ," ಎನ್ನುತ್ತಾ ಮಗಳ ಹತ್ತಿರ ಜರುಗಿದರು. ಕುಮುದಿನಿ ಕೈ ಅಡ್ಡ ಹಿಡಿದು, ಹುಬ್ಬು ಗಂಟಿಕ್ಕಿ ಏನೋ ಗದರಿದಳು. ಅದು ಕನ್ನಡವೂ ಅಲ್ಲ, ತುಳುವೂ ಅಲ್ಲ.

ಮಾಸ್ಟ್ರು ಮೆಲ್ಲನೆ ಪಕ್ಕಕ್ಕೆ ತಿರುಗಿದರು. "ಕದೀಜಮ್ಮ, ಎಂತ ಹೇಳಿದ್ದು ಅದು?"

"ನಮ್ಮ ಬ್ಯಾರಿ ಭಾಷೆ ಮಾಸ್ಟ್ರೆ. ಬೆಂಕಿ ಉಂಟು, ದೂರ ಕೂತ್ಕೋ ಅಂತ."

ಮೂರು ಭಾಷೆಯ ವಿದುಷಿಯ ತಂದೆ ಒಂದು ಮೊಳ ಹಿಂದೆ ಸರಿದು ಕೂತರು.